ಬಾಲದ ಕ್ರಿಯಾಪದಗಳು

ನಮ್ಮ ಮನೆಯಲ್ಲಿ ಬಿಸಿ ರೊಟ್ಟಿ ಯಾರಿಗೂ ಸುಮ್ಮನೆ ಸಿಗುತ್ತಿರಲಿಲ್ಲ. ಸವದತ್ತಿಯ ಕೋಟೆಯ ಕೆಳಗಿನ ಓಣಿಯಲ್ಲಿ ನಮ್ಮ ಮನೆ. ತಲೆಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದರೆ ಪಡಸಾಲೆ, ಅದರಾಚೆ ಹಗಲಲ್ಲೂ ದೀಪ ಬೇಕಾಗುವ ನಡುಮನೆ, ಅದರಾಚೆ ಹೊಗೆ ಹಿಡಿದ ಅಡುಗೆಮನೆ, ಕೊನೆಗೆ ಹಿತ್ತಲು. ಪಡಸಾಲೆಯ ಗೋಡೆಗೆ ಅಪ್ಪ ಒಂದು ಕರಿಹಲಗೆ ಹೊಡೆಸಿದ್ದರು. ಓಣಿಯ ಬೇರೆ ಮನೆಗಳಲ್ಲಿ ಆ ಜಾಗದಲ್ಲಿ ದೇವರ ಫೋಟೋ, ಸತ್ತ ಹಿರಿಯರ ಫೋಟೋ ಇರುತ್ತಿದ್ದವು. ಅಪ್ಪ ಹೈಸ್ಕೂಲಿನ ಇಂಗ್ಲಿಷ್ ಮಾಸ್ತರರು. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಹಲಗೆಯ ಮೇಲೆ ಒಂದು ಇಂಗ್ಲಿಷ್ ಕ್ರಿಯಾಪದ ಬರೆಯುತ್ತಿದ್ದರು. ಬರೀ ಕ್ರಿಯಾಪದವಲ್ಲ, ಅದರ ಹಿಂದೆ ಒಂದು ಪುಟ್ಟ ಪದ. ಗಿವ್ ಅಪ್ ಅಂದರೆ ಕೈಬಿಡುವುದು, ಗಿವ್ ಇನ್ ಅಂದರೆ ಸೋತು ಒಪ್ಪುವುದು, ಗಿವ್ ಅವೇ ಅಂದರೆ ದಾನ ಕೊಡುವುದು. ಸಂಜೆ ಊಟಕ್ಕೆ ಕೂತಾಗ, ಅವತ್ತು ಮನೆಯಲ್ಲಿ ನಡೆದ ಯಾವುದಾದರೂ ಒಂದು ಸಂಗತಿಯನ್ನು ಆ ಕ್ರಿಯಾಪದ ಹಾಕಿ ಹೇಳಬೇಕು. ಸರಿಯಾಗಿ ಹೇಳಿದವರ ತಾಟಿಗೆ ಹಂಚಿನ ಮೇಲಿಂದ ಬಿಸಿ ರೊಟ್ಟಿ. ತಪ್ಪಿದವರಿಗೆ ಬುಟ್ಟಿಯಲ್ಲಿನ ಕಟಕ ರೊಟ್ಟಿ, ಎಂದೋ ಬಡಿದು ಒಣಗಿಸಿಟ್ಟದ್ದು. ಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆ ಎಲ್ಲರಿಗೂ ಒಂದೇ. ಅಷ್ಟರ ಮಟ್ಟಿಗೆ ಅಪ್ಪ ನ್ಯಾಯವಂತರು.

ಆ ಪುಟ್ಟ ಪದಗಳಿಗೆ ಅಪ್ಪ ಬಾಲ ಅನ್ನುತ್ತಿದ್ದರು.

“ಕ್ರಿಯಾಪದ ಯಾರಿಗರೆ ಬರತೈತಿ. ದನಾ ಕಾಯಾವನೂ ಗೋ ಅಂತಾನ, ಕಮ್ ಅಂತಾನ. ಇಂಗ್ಲಿಷಿನ ಜೀವ ಇರೂದು ಬಾಲದಾಗ. ಬಾಲಾ ತಪ್ಪಿತೋ, ನೀವು ಬಾಯಿ ತಗದಿದ್ದ ದಂಡ.”

ಅವರು ಉಗರಗೋಳದ ಒಕ್ಕಲಮನೆಯಿಂದ ಬಂದವರು. ಹೊಲದ ಕೆಲಸ ಇಲ್ಲದಾಗ ಅವರ ಮನೆಯವರು ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಜನಕ್ಕೆ ಕಾಯಿ, ಭಂಡಾರದ ಅರಿಸಿನ ಮಾರುತ್ತಿದ್ದರು. ಧಾರವಾಡದ ಕಾಲೇಜಿನಲ್ಲಿ ಮೊದಲ ವರ್ಷ, ತಡವಾಗಿ ಬಂದದ್ದೇಕೆ ಅಂತ ಕೇಳಿದ ಪ್ರಾಧ್ಯಾಪಕರಿಗೆ, ಅಂಗಿ ಹಾಕಿಕೊಳ್ಳುವುದು ತಡವಾಯಿತು ಅನ್ನಲು ಹೋಗಿ, ಪುಟ್ ಆನ್ ಅನ್ನುವಲ್ಲಿ ಆನ್ ಬಿಟ್ಟು ಪುಟ್ ಅಷ್ಟೇ ಅಂದರಂತೆ. ಹಾಗಂದರೆ ಬರೀ ಅಂಗಿ ಇಟ್ಟೆ ಎಂದಾಯಿತು. ಎಲ್ಲಿಟ್ಟೆ, ಮೇಜಿನ ಮೇಲೋ, ಪೆಟ್ಟಿಗೆಯೊಳಗೋ, ನಿಮ್ಮ ಎತ್ತಿನ ಬೆನ್ನ ಮೇಲೋ ಅಂತ ಆ ಪ್ರಾಧ್ಯಾಪಕರು ಒಂದೊಂದಾಗಿ ಕೇಳುತ್ತಾ ಹೋದರು, ಇಡೀ ತರಗತಿ ನಗುತ್ತಾ ಹೋಯಿತು. ಅಪ್ಪ ಈ ಕಥೆಯನ್ನು ನಮಗೆ ಬಹಳ ಸಲ ಹೇಳಿದ್ದಾರೆ. ದುಃಖದಿಂದಲ್ಲ. ತನ್ನನ್ನು ಮನುಷ್ಯನನ್ನಾಗಿ ಮಾಡಿದ್ದೇ ಆ ನಗು ಎಂಬ ಹೆಮ್ಮೆಯಿಂದ. ಹಾಗೆಯೇ ನಮ್ಮನ್ನೂ ಮನುಷ್ಯರನ್ನಾಗಿ ಮಾಡಬೇಕೆಂದು ಅವರ ಮನಸ್ಸಿನಲ್ಲಿತ್ತು.

ಅಡುಗೆಮನೆಯಲ್ಲಿ ಒಲೆಯ ಮುಂದೆ ಅವ್ವ, ಅವಳೆದುರು ಸಾಲಾಗಿ ಅಪ್ಪ, ನೀಲಕ್ಕ, ನಾನು. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ನನಗೆ ನೆನಪಿನ ಶಕ್ತಿ ಇತ್ತು, ಅಪ್ಪ ಹೇಳಿದ್ದನ್ನು ಗಿಳಿಯ ಹಾಗೆ ಒಪ್ಪಿಸಿ ಬಿಸಿ ರೊಟ್ಟಿ ತಿನ್ನುತ್ತಿದ್ದೆ. ಅಕ್ಕನಿಗೆ ಭಾಷೆಯೇ ಬರುತ್ತಿತ್ತು. ಕಟಕ ರೊಟ್ಟಿ ಬೇಕೆನಿಸಿದ ದಿನ ಬೇಕೆಂದೇ ತಪ್ಪು ಹೇಳುತ್ತಿದ್ದಳು ಅಂತ ನನಗೆ ಅನುಮಾನ. ಕೊನೆಯ ಸರದಿ ಅವ್ವನದು. ರಾಮದುರ್ಗದಲ್ಲಿ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ಅವಳು. ಕೈಯಲ್ಲಿ ಹಿಟ್ಟಿನ ಉಂಡೆ ಹಿಡಿದು ಹಲಗೆಯ ಪದವನ್ನು ನೆನಪಿಸಿಕೊಳ್ಳಲು ನೋಡುವಳು, ಅಪ್ಪ ಕಾಯುವರು, ಹಂಚಿನ ಮೇಲಿನ ರೊಟ್ಟಿ ಸೀಯುವುದು, ಸೀದದ್ದಕ್ಕೆ ಮತ್ತೆ ಬೈಸಿಕೊಳ್ಳುವಳು. ಬಿಸಿ ರೊಟ್ಟಿ ಬಡಿದು ಎಲ್ಲರಿಗೂ ಹಾಕುತ್ತಿದ್ದವಳು ವರ್ಷಗಟ್ಟಲೆ ಕಟಕ ರೊಟ್ಟಿಯನ್ನೇ ಮಜ್ಜಿಗೆಯಲ್ಲಿ ನೆನೆಸಿ ತಿಂದಳು. ಒಂದು ದಿನ ಅಪ್ಪ ನೋಡು ಎಂಬ ಒಂದೇ ಕ್ರಿಯಾಪದಕ್ಕೆ ಬೇರೆ ಬೇರೆ ಬಾಲ ಹಚ್ಚಿ ನಮಗೆ ಬಿಡಿಸಿ ಹೇಳಿದರು.

“ಲುಕ್ ಆಫ್ಟರ್ ಅಂದ್ರ ಕಾಳಜಿ ಮಾಡೂದು. ನಿಮ್ಮಿಬ್ಬರನ್ನ ನಾ ಮಾಡತೇನಲ್ಲ, ಅದು. ಲುಕ್ ಡೌನ್ ಆನ್ ಅಂದ್ರ ಕೀಳಾಗಿ ನೋಡೂದು. ನಿಮ್ಮವ್ವನ್ನ ನೋಡತೇನಲ್ಲ, ಅದು. ತಿಳೀತ?”

ತಿಳಿಯಿತು ಅಂದೆವು. ನನಗೆ ಆ ಎರಡು ಬಾಲಗಳ ಅರ್ಥ ಇಂದಿಗೂ ಮರೆತಿಲ್ಲ. ಇಂಥ ಉದಾಹರಣೆ ಕೊಟ್ಟರೆ ಯಾವ ಮಗುವೂ ಮರೆಯುವುದಿಲ್ಲ.

ನಾನು ಆರನೇ ಇಯತ್ತೆಯಲ್ಲಿದ್ದಾಗ ಅಪ್ಪನ ಶಾಲೆಗೆ ಹೊಸ ಹೆಡ್‌ಮಾಸ್ತರರು ಬಂದರು. ಅವರನ್ನೂ ಉಳಿದ ಮಾಸ್ತರರನ್ನೂ ಅಪ್ಪ ಒಂದು ಸಂಜೆ ಫರಾಳಕ್ಕೆ ಕರೆದರು. ಮುಂಚಿನ ವಾರದಿಂದಲೇ ಅವ್ವನಿಗೆ ಪಾಠ ಶುರುವಾಯಿತು. ಬೈಗುಳ ಇಲ್ಲದ, ನಗುಮುಖದ ಪಾಠ.

“ಸುಶಿಕ್ಷಿತ ಮಂದಿ ಬರಾವರದಾರ. ಹೊಂಟಾಗ ಬಾಗಲದಾಗ ನಿಂತು ‘ಹೋಗಿ ಬರ್ರಿ’ ಅಂತ ಇಂಗ್ಲಿಷಿನ್ಯಾಗ ಹೇಳು. ನನಗೂ ಮರ್ಯಾದಿ, ನಿನಗೂ ಮರ್ಯಾದಿ. ಪ್ಲೀಸ್ ಪಾಸ್ ಅವೇ. ಅನ್ನು.”

ಅವ್ವ ಅಂದಳು. ರೊಟ್ಟಿ ಬಡಿಯುವಾಗ ಅಂದಳು, ಪಾತ್ರೆ ತಿಕ್ಕುವಾಗ ಅಂದಳು, ನನ್ನ ತಲೆ ಬಾಚುವಾಗ ಜಡೆಯ ಒಂದೊಂದು ಎಳೆಗೆ ಒಂದೊಂದು ಪದದಂತೆ ಅಂದಳು. ನನಗೂ ಆ ಬಾಲ ಇನ್ನೂ ಪಾಠವಾಗಿರಲಿಲ್ಲ. ಅವ್ವ ಕಲಿಯುತ್ತಿದ್ದಾಳೆ, ಇನ್ನು ಅವಳಿಗೂ ಬಿಸಿ ರೊಟ್ಟಿ ಸಿಗುತ್ತದೆ ಅಂದುಕೊಂಡೆ. ಅವತ್ತು ಸಂಜೆ ಅವಳು ಇಳಕಲ್ ಸೀರೆ ಉಟ್ಟಳು. ಮಿರ್ಚಿ ಭಜಿ, ಸೂಸಲ, ಚಹಾ ಎಲ್ಲ ಆಯಿತು. ಮಾಸ್ತರರು ಚಪ್ಪಲಿ ಮೆಟ್ಟಿಕೊಳ್ಳುವಾಗ ಅವ್ವ ಬಾಗಿಲಿಗೆ ಬಂದು, ಸೆರಗು ತಲೆಯ ಮೇಲೆ ಸರಿಮಾಡಿಕೊಂಡು, ಹೆಡ್‌ಮಾಸ್ತರರಿಗೆ ಕೈ ಮುಗಿದು, ನಗುತ್ತಾ, ಒಂದು ಅಕ್ಷರವೂ ತಪ್ಪದಂತೆ ಹೇಳಿದಳು. “ಪ್ಲೀಸ್ ಪಾಸ್ ಅವೇ ಸರ್.” ಮೊದಲು ಅಪ್ಪ ನಕ್ಕರು. ಅವರು ನಕ್ಕಿದ್ದಕ್ಕೆ ಉಳಿದವರೂ ನಕ್ಕರು. ಒಬ್ಬರಂತೂ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು. ತನ್ನ ಇಂಗ್ಲಿಷಿಗೆ ಎಲ್ಲರಿಗೂ ಖುಷಿಯಾಯಿತೆಂದು ತಿಳಿದು ಅವ್ವನೂ ನಕ್ಕಳು, ಇನ್ನೊಂದು ಸಲ ಹೇಳಿದಳು. ಹೆಡ್‌ಮಾಸ್ತರರೊಬ್ಬರು ಮಾತ್ರ ನಗದೆ, ಹೋಗಿ ಬರ್ತೀನಿ ತಾಯಿ ಅಂತ ತಗ್ಗಿದ ದನಿಯಲ್ಲಿ ಹೇಳಿ ಮೆಟ್ಟಿಲು ಇಳಿದರು.

ಅಕ್ಕ ನಡುಮನೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವ್ವ ಚಹಾದ ಕಪ್ಪು-ಬಸಿಗಳನ್ನು ತೊಳೆಯಲು ಹಿತ್ತಲಿಗೆ ಹೋದಾಗ ಅವಳ ಹಿಂದೆಯೇ ಹೋದಳು. ನಾನೂ ಹೋದೆ.

“ಅವ್ವಾ, ಪಾಸ್ ಅವೇ ಅಂದ್ರ ಹೋಗಿ ಬರೂದಲ್ಲ. ತೀರಿ ಹೋಗೂದು.”

“ತೀರಿ ಅಂದ್ರ?”

“ಸಾಯೂದು.”

ಅವ್ವ ಬಸಿಯನ್ನು ನೀರಿನಲ್ಲೇ ಬಿಟ್ಟಳು. “ಅಯ್ಯ ಶಿವನ, ಅವರಿಗೆ ಸಾಯ್ರಿ ಅಂದನೇನ ನಾ? ಕೈ ಮುಗದು ಅಂದ್ನೆಲ್ಲವಾ, ನಕ್ಕೊಂತ ಅಂದ್ನೆಲ್ಲ.” ಅಪ್ಪನ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ. ಮುಂದಿನ ಮಂಗಳವಾರ ಉಪವಾಸವಿದ್ದು ಗುಡ್ಡ ಹತ್ತಿದಳು. ಹೆಡ್‌ಮಾಸ್ತರರ ಹೆಸರು ಅವಳಿಗೆ ಗೊತ್ತಿರಲಿಲ್ಲ. ಆ ಕನ್ನಡಕದ ಸರ್‌ಗೆ ಆಯುಷ್ಯ ಕೊಡವ್ವಾ, ನನ್ನ ನಾಲಿಗಿ ತಪ್ಪೈತಿ ಅಂತ ಎಲ್ಲಮ್ಮನ ಮುಂದೆ ಸೆರಗೊಡ್ಡಿ ಬೇಡಿಕೊಂಡದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿದೆ.

ಅಕ್ಕ ಬೇಡಿಕೊಳ್ಳುವವಳಲ್ಲ. ಆಗ ಅವಳು ಪಿಯುಸಿ ಎರಡನೇ ವರ್ಷದಲ್ಲಿದ್ದಳು. ಕೆಲವು ದಿನಗಳ ಬಳಿಕ ಹಲಗೆಯ ಮೇಲೆ ಲುಕ್ ಅಪ್ ಟು ಎಂದು ಬಂತು, ಗೌರವದಿಂದ ಕಾಣುವುದು ಅಂತ ಅರ್ಥ. ಊಟದ ಹೊತ್ತಿಗೆ ನಾನು ನನ್ನ ವಾಕ್ಯ ಹೇಳಿ ರೊಟ್ಟಿ ತೆಗೆದುಕೊಂಡೆ. ಅಕ್ಕ ಕೂತಲ್ಲಿಂದ ಎದ್ದು ನಿಂತಳು. ಅಪ್ಪನನ್ನು ನೆಟ್ಟಗೆ ನೋಡುತ್ತಾ ಸಣ್ಣ ದನಿಯಲ್ಲಿ ಹೇಳಿದಳು. “ನೋಬಡಿ ಇನ್ ದಿಸ್ ಹೌಸ್ ಲುಕ್ಸ್ ಅಪ್ ಟು ಯು.” ಈ ಮನೆಯಲ್ಲಿ ನಿಮ್ಮನ್ನು ಯಾರೂ ಗೌರವದಿಂದ ಕಾಣುವುದಿಲ್ಲ. ಒಲೆಯಲ್ಲಿ ಕಟ್ಟಿಗೆ ಚಟಪಟ ಅನ್ನುತ್ತಿತ್ತು. ಅರ್ಥವಾಗದ ಅವ್ವ ನಮ್ಮ ಮುಖ ಮುಖ ನೋಡುತ್ತಿದ್ದಳು. ಅಪ್ಪ ತಾವೇ ಕೈ ಚಾಚಿ ಹಂಚಿನ ಮೇಲಿನ ರೊಟ್ಟಿ ತೆಗೆದು ಅಕ್ಕನ ತಾಟಿಗೆ ಹಾಕಿದರು.

“ಕರೆಕ್ಟ್. ಲುಕ್ಸ್ ಅಂತ ಎಸ್ ಹಚ್ಚಿದೆಲ್ಲ, ಶಾಣ್ಯಾಕಿ. ಉಣ್ಣು.”

ಅವರು ಕೈ ಎತ್ತಲಿಲ್ಲ. ಒಂದು ಬೈಗುಳವೂ ಬರಲಿಲ್ಲ. ಅಕ್ಕ ಆ ರೊಟ್ಟಿಯನ್ನು ಪೂರ್ತಿ ತಿಂದಳು. ಗೆದ್ದಳು ಅಂತಲೇ ನಾನು ಅಂದುಕೊಂಡಿದ್ದೆ. ತಿಂಗಳು ತುಂಬುವುದರೊಳಗೆ ಒಂದು ಬೆಳಿಗ್ಗೆ ಹಲಗೆಯ ಮೇಲೆ ಸೆಟಲ್ ಡೌನ್, ಅಂದರೆ ಒಂದೆಡೆ ನೆಲೆಯೂರುವುದು, ಎಂದಿತ್ತು, ಅದರ ಕೆಳಗೆ ಮಾದರಿ ವಾಕ್ಯ: ನೀಲಾ ವಿಲ್ ಸೆಟಲ್ ಡೌನ್ ಇನ್ ಎಂ.ಕೆ. ಹುಬ್ಬಳ್ಳಿ. ತನ್ನ ಮದುವೆ ನಿಶ್ಚಯವಾದ ಸುದ್ದಿಯನ್ನು ಅಕ್ಕ ಹಾಗೆ, ಹಲ್ಲುಜ್ಜುತ್ತಾ, ಗೋಡೆಯ ಮೇಲೆ ಓದಿಕೊಂಡಳು. ನಾನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಕಬ್ಬು ಸಾಗಿಸುವ ಟ್ರ್ಯಾಕ್ಟರುಗಳಿದ್ದ ಮನೆ ಅದು. ಹುಡುಗ ಕುಡಿಯುತ್ತಾನೆ ಅನ್ನುವುದು ಅವನು ಹೆಣ್ಣು ನೋಡಲು ಬಂದ ದಿನವೇ ಓಣಿಗೆಲ್ಲ ಗೊತ್ತಾಗಿತ್ತು. ಪರೀಕ್ಷೆಗೆ ಕೂಡಿಸಿ, ಆಮೇಲೆ ಮಾಡೋಣು ಅಂತ ಅವ್ವ ಅಂದದ್ದಕ್ಕೆ ಅಪ್ಪ, ಆಕಿಗೆ ಇಂಗ್ಲಿಷ್ ಪೂರಾ ಬಂದೈತಿ, ಇನ್ನ ಕಲಿಯೂದು ಏನೂ ಉಳಿದಿಲ್ಲ ಅಂದರು. ಪರೀಕ್ಷೆಗೆ ಮೊದಲೇ ಮದುವೆ ಮುಗಿಯಿತು.

ಮುಂದಿನ ವರ್ಷ ಕಬ್ಬಿನ ಹಂಗಾಮು ಮುಗಿಯುತ್ತಿದ್ದ ಹೊತ್ತು. ಅವತ್ತು ರವಿವಾರ, ಪಡಸಾಲೆಯ ತುಂಬಾ ಟ್ಯೂಷನ್ ಹುಡುಗರು. ನಾನು ಹುಡುಗರ ಹಿಂದೆ ಗೋಡೆಗೆ ಒರಗಿ ಕೂತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ಅಕ್ಕ. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದು ಕೈಗೆ ಮೊಣಕೈವರೆಗೂ ಪಟ್ಟಿ. ಕಿತ್ತೂರಿಗೆ ಬಂದು ಅಲ್ಲಿಂದ ಬೈಲಹೊಂಗಲ, ಬೈಲಹೊಂಗಲದಿಂದ ಸವದತ್ತಿ, ಬಸ್ಸು ಬದಲಿಸಿ ಬದಲಿಸಿ ಬಂದಿದ್ದಳು. ಅವಳು ಹೊಸ್ತಿಲು ದಾಟುವ ಮೊದಲೇ ಅಪ್ಪ ಎದ್ದು ಬಾಗಿಲಿಗೆ ಅಡ್ಡ ನಿಂತರು. ಕೈಯಲ್ಲಿ ಚಾಕ್‌ಪೀಸು ಇತ್ತು.

“ಅಪ್ಪಾರ, ನಾ ವಾಪಸ್ ಹೋಗಂಗಿಲ್ಲರಿ. ಕುದಿಯೂ ಎಸರಿನ ನೀರ ಕೈ ಮ್ಯಾಲ ಸುರುವ್ಯಾರ.”

“ಇಂಗ್ಲಿಷಿನ್ಯಾಗ ಹೇಳು.”

“ಅಪ್ಪಾರ…”

“ಕಮ್ ಬ್ಯಾಕ್ ಅಂದ್ರ ಹೇಳಿ ಕೇಳಿ ಮರಳಿ ಬರೂದು. ರನ್ ಅವೇ ಅಂದ್ರ ಓಡಿ ಬರೂದು. ನೀ ಯಾವುದು? ಬಾಲಾ ಬಲ್ಲಾಕಿ ನೀ. ಸರಿಯಾಗಿ ಒಂದು ಸೆಂಟೆನ್ಸ್ ಹೇಳು, ಒಳಗ ಬಾ.”

ಅಕ್ಕ ತುಟಿ ಬಿಚ್ಚಲಿಲ್ಲ. ಬಿಸಿಲಿಗೆ ಅವಳ ಮುಖ ಕಂದಿತ್ತು, ಪಟ್ಟಿಯ ಅಂಚಿನಲ್ಲಿ ಹಳದಿ ನೀರು ಒಸರಿತ್ತು. ಅಪ್ಪ ಹುಡುಗರ ಕಡೆ ತಿರುಗಿದರು. ಪುಟ್ ಅಪ್ ವಿತ್, ಅಂದರೆ ಸಹಿಸಿಕೊಳ್ಳುವುದು, ಬರಕೊಳ್ರಿ ಅಂದರು. ಹೆಂಗಸು ಗಂಡನ ಮನೆಯಲ್ಲಿ ಸಹಿಸಿಕೊಂಡು ಇರಬೇಕು ಎಂಬ ಅರ್ಥದ ಒಂದು ವಾಕ್ಯ ಹೇಳಿದರು. ಹುಡುಗರು ತಲೆ ಬಗ್ಗಿಸಿ ಬರೆದುಕೊಂಡರು. ಅಷ್ಟರಲ್ಲಿ ದನಿ ಕೇಳಿ ಅವ್ವ ಒಂದು ತಂಬಿಗೆ ನೀರು ಹಿಡಿದು ಬಂದಿದ್ದಳು. ಅಪ್ಪ ಅಡ್ಡಗೈ ಹಾಕಿದರು.

“ಮೊದಲ ಸೆಂಟೆನ್ಸ್. ಆಮ್ಯಾಲ ನೀರು.”

ಅವ್ವ ತಂಬಿಗೆಯನ್ನು ಅಲ್ಲೇ ನೆಲದ ಮೇಲಿಟ್ಟು ಒಳಗೆ ಹೋದಳು. ಎಂದಿನಂತೆ ಸುಮ್ಮನಾದಳು ಅಂದುಕೊಂಡೆವು. ಆದರೆ ಅವಳು ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಸಂದಿ ಸುತ್ತಿ, ಓಣಿಯಿಂದ ಅಕ್ಕನ ಬೆನ್ನ ಹಿಂದೆ ಬಂದು ನಿಂತಳು. ಕಂಕುಳಲ್ಲಿ ಒಂದು ಸಣ್ಣ ಗಂಟು. ಕೈಗೆ ಇನ್ನೂ ಜೋಳದ ಹಿಟ್ಟು ಮೆತ್ತಿತ್ತು. ಅಕ್ಕನ ಚೀಲ ಇಸಿದುಕೊಂಡು, ಅವಳ ಸುಟ್ಟಿರದ ಕೈ ಹಿಡಿದು, “ನಡಿ, ರಾಮದುರ್ಗಕ್ಕ ಹೋಗೂಣು” ಅಂದಳು. ಆಮೇಲೆ ಅಪ್ಪನ ತೋಳಿನ ಸಂದಿಯಿಂದ ನನ್ನನ್ನು ಹುಡುಕಿ, “ಸುಮೀ, ಬಾ” ಅಂದಳು. ನಾನು ಹುಡುಗರನ್ನು ದಾಟಿ ಓಡಿದೆ. ಅಪ್ಪನ ಕೈ ನನ್ನ ಹೆಗಲ ಮೇಲೆ ಬಿತ್ತು. ಬೆರಳುಗಳು ಎಲುಬಿಗೆ ತಾಗಿದವು.

“ಯು ಸ್ಟೇ ಬಿಹೈಂಡ್.”

ನೀನು ಇಲ್ಲೇ ಉಳಿ. ಅವ್ವ ಸ್ವಲ್ಪ ಹೊತ್ತು ನಿಂತಳು. ಓಣಿಯ ತಿರುವಿನಲ್ಲಿ ಇನ್ನೊಮ್ಮೆ ನಿಂತಳು. ಆಮೇಲೆ ಇಬ್ಬರೂ ಕಾಣಿಸಲಿಲ್ಲ. ಅಪ್ಪ ನನ್ನನ್ನು ಹಲಗೆಯ ಮುಂದೆ ನಿಲ್ಲಿಸಿ, ಆ ಸಹಿಸಿಕೊಳ್ಳುವ ವಾಕ್ಯವನ್ನು ಅದರ ಮೇಲೆ ಬರೆದು, ಹುಡುಗರಿಗೆ ಗಟ್ಟಿಯಾಗಿ ಓದಿ ಹೇಳು ಅಂದರು. ಓದಿದೆ. ದನಿ ಒಡೆದಾಗ ಮೊದಲಿನಿಂದ ಓದಿಸಿದರು.

ವಾರದೊಳಗೆ ರಾಮದುರ್ಗದಿಂದ ಮಾಮಾ ಬಂದರು. ಅವ್ವನ ತಮ್ಮ, ಹಿಟ್ಟಿನ ಗಿರಣಿ ನಡೆಸುತ್ತಿದ್ದವರು, ಮಾತು ಕಡಿಮೆ. ಅಕ್ಕನ ಬಗ್ಗೆಯಾಗಲೀ ಅವ್ವನ ಬಗ್ಗೆಯಾಗಲೀ ಜಗಳ ತೆಗೆಯಲಿಲ್ಲ. ಹುಡುಗಿಯನ್ನು ತಾಯಿಯ ಹತ್ತಿರ ಕಳಿಸಿರಿ, ಇಷ್ಟೇ ಅವರ ಮಾತು. ಅಪ್ಪ ಅವರನ್ನು ಕುರ್ಚಿಯ ಮೇಲೆ ಕೂಡಿಸಿ ಚಹಾ ತರಿಸಿದರು.

“ನಾ ಯಾರನ್ನೂ ಕಟ್ಟಿ ಹಾಕಿಲ್ಲ. ಆಕಿನ್ನ ಕೇಳೂಣು. ನಿಮ್ಮ ಕಿವಿಲೇ ಕೇಳ್ರಿ.” ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದರು. “ಡು ಯು ವಾಂಟ್ ಟು ಡ್ರಾಪ್ ಔಟ್?”

ಡ್ರಾಪ್ ಔಟ್ ಅಂದರೆ ಓದನ್ನು ನಡುವೆ ಬಿಡುವುದು. ಆ ಬಾಲ ನನಗೆ ಬರುತ್ತಿತ್ತು. ಶಾಲೆ ಬಿಡುತ್ತೀಯಾ ಅಂತ ಕೇಳಿದರು, ನಾನು ನೋ ಅಂದೆ. ಮಾಮಾಗೆ ಪ್ರಶ್ನೆ ತಿಳಿಯಲಿಲ್ಲ, ಉತ್ತರ ತಿಳಿಯಿತು. ಅವರ ಕೈಯಲ್ಲಿದ್ದ ಚಹಾ ಹಾಗೇ ಉಳಿಯಿತು. ನನ್ನ ತಲೆಯ ಮೇಲೆ ಕೈಯಿಟ್ಟು, ಆತವಾ, ನಿನ್ನ ಮನಸು ಅಂದು ಎದ್ದು ಹೋದರು. ಅವರು ಹೊರಟುಹೋದ ಮೇಲೆ ನನಗೆ ಏನಾಯಿತೆಂಬುದು ಹೊಳೆಯಿತು. ಬಸ್ ಸ್ಟ್ಯಾಂಡಿನವರೆಗೂ ಓಡಿದೆ. ರಾಮದುರ್ಗದ ಬಸ್ಸು ಹೊರಟುಹೋಗಿತ್ತು. ಬರಿಗಾಲಲ್ಲಿ ಮನೆಗೆ ಮರಳಿದಾಗ ಅಪ್ಪ ಕಟ್ಟೆಯ ಮೇಲೆ ಪೇಪರು ಓದುತ್ತಿದ್ದರು, ಎಲ್ಲಿಗೆ ಹೋಗಿದ್ದೆ ಅಂತ ಕೇಳಲೂ ಇಲ್ಲ.

ಆಮೇಲಿನ ವರ್ಷಗಳಲ್ಲಿ ರೊಟ್ಟಿ ಬಡಿಯುವವಳೂ ನಾನೇ, ವಾಕ್ಯ ಹೇಳುವವಳೂ ನಾನೇ. ಅಪ್ಪನ ಹಳೆಯ ವಿದ್ಯಾರ್ಥಿಗಳು ದೊಡ್ಡ ದೊಡ್ಡ ನೌಕರಿ ಹಿಡಿದು ಬಂದು ಅವರ ಕಾಲಿಗೆ ಬೀಳುತ್ತಿದ್ದರು. ಇಂಥಾ ತಂದಿ ಸಿಗಾಕ ಪುಣ್ಯಾ ಮಾಡಿರಬೇಕ್ರಿ ಅಂತ ನನಗೆ ಹೇಳುತ್ತಿದ್ದರು. ಅದರಲ್ಲಿ ಸುಳ್ಳಿರಲಿಲ್ಲ. ಆ ಹುಡುಗರಿಗೆ ಅವರು ನಿಜವಾಗಿಯೂ ಅನ್ನ ಹುಟ್ಟುವ ವಿದ್ಯೆ ಕೊಟ್ಟಿದ್ದರು. ನಾನು ಅವರಿಗೆ ಚಹಾ ಕೊಟ್ಟು ಒಳಗೆ ಹೋಗುತ್ತಿದ್ದೆ. ಬೈಲಹೊಂಗಲದ ಕಾಲೇಜು ಸೇರಿ ಹಾಸ್ಟೆಲಿನಲ್ಲಿ ಇರಲು ಶುರುಮಾಡಿದ ಮೇಲೆ ಒಂದು ದಿನ ಅಪ್ಪನಿಗೆ ಹೇಳದೆ ರಾಮದುರ್ಗಕ್ಕೆ ಹೋದೆ. ಮಾಮಾನ ಗಿರಣಿಯ ಹಿಂದೆ ಒಂದು ಖೋಲಿ, ಗೋಡೆ, ಹಾಸಿಗೆ, ಅಕ್ಕನ ಹುಬ್ಬು, ಎಲ್ಲದರ ಮೇಲೂ ಹಿಟ್ಟಿನ ಧೂಳು. ಗಿರಣಿಯನ್ನು ಈಗ ಅಕ್ಕನೇ ನಡೆಸುತ್ತಿದ್ದಳು, ಅವ್ವ ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದಳು. ಅವ್ವ ನನ್ನ ಕೆನ್ನೆ ಹಿಡಿದು ಅತ್ತಳು. ಮಾಮಾನ ಎದುರು ನಡೆದ ಇಂಗ್ಲಿಷಿನ ಮೋಸವನ್ನು ನಾನು ಬಿಡಿಸಿ ಹೇಳಿದೆ.

“ಇರಲಿ ಬಿಡವ್ವಾ,” ಅವ್ವ ಅಂದಳು. “ಇಲ್ಲಿದ್ದಿದ್ರ ನಿನಗ ಕಾಲೇಜ ಎಲ್ಲಿದು?”

ಗಿರಣಿಯ ಪಟ್ಟಾ ಸರಿಮಾಡುತ್ತಿದ್ದ ಅಕ್ಕ ತಲೆ ಎತ್ತದೆಯೇ ಹೇಳಿದಳು.

“ಮಾಮಾಗ ಇಂಗ್ಲಿಷ್ ಬರತಿರಲಿಲ್ಲ, ಖರೆ. ನಿನಗ ಕನ್ನಡ ಬರತಿತ್ತಲ್ಲ? ‘ಮಾಮಾ, ನಾ ಬರತೇನಿ’ ಅಂತ ಅನ್ನಬೇಕಿತ್ತು. ಅದಕ್ಕ ಯಾವ ಬಾಲಾ ಬೇಕಿತ್ತು?”

ಆಗ ನಾನು ಹನ್ನೆರಡು ವರ್ಷದ ಹುಡುಗಿ ಎಂದು ಹೇಳಬೇಕೆನಿಸಿತು. ಪಟ್ಟಾ ತಿರುಗತೊಡಗಿತು, ಆ ಸದ್ದಿನಲ್ಲಿ ಯಾರು ಏನಂದರೂ ಕೇಳುತ್ತಿರಲಿಲ್ಲ. ಆಮೇಲೆ ಎರಡು ಮೂರು ಸಲ ಹೋದೆ. ಅವ್ವ ಉಣಿಸುತ್ತಿದ್ದಳು, ಅಕ್ಕ ಗಿರಣಿಯಲ್ಲೇ ಇರುತ್ತಿದ್ದಳು. ಅಪ್ಪ ಒಮ್ಮೆಯೂ ಹೋಗಲಿಲ್ಲ, ಅವರನ್ನು ಯಾರೂ ಕರೆಯಲೂ ಇಲ್ಲ.

ಡಿಗ್ರಿ ಮುಗಿಸಿ ನಾನು ಸವದತ್ತಿಯಲ್ಲೇ ಒಂದು ಪ್ರಾಥಮಿಕ ಶಾಲೆಗೆ ಸೇರಿದೆ, ಅಪ್ಪನ ಮನೆಯಲ್ಲೇ ಉಳಿದೆ. ಒಂದು ಮಧ್ಯಾಹ್ನ ಮಾಮಾನ ಮಗ ಫೋನ್ ಮಾಡಿ, ಅತ್ತಿ ತೀರಿಕೊಂಡ್ಳು ಅಂದ. ಅವನ ಅತ್ತಿ ಅಂದರೆ ನನ್ನ ಅವ್ವ. ಅಪ್ಪ ಟ್ಯೂಷನ್ ನಿಲ್ಲಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಇಬ್ಬರೂ ರಾಮದುರ್ಗದ ಬಸ್ಸು ಹಿಡಿದೆವು. ಮಾಮಾನ ಮನೆಯ ಮುಂದೆ ಜನ ಇರಲಿಲ್ಲ, ಅಂಗಳ ಆಗಷ್ಟೇ ತೊಳೆದು ಒದ್ದೆಯಾಗಿತ್ತು. ಅಕ್ಕ ಮೈಮೇಲೆ ನೀರು ಹಾಕಿಕೊಂಡು ಹಸಿಗೂದಲಲ್ಲಿ ಬಾಗಿಲ ಬಳಿ ಕೂತಿದ್ದಳು.

“ಅವ್ವ ಎಲ್ಲಿ?” ನಾನು ಕೇಳಿದೆ.

“ಮಣ್ಣಾತು. ಬೆಳಕ ಹರಿಯೂದ್ರಾಗ ಜೀವಾ ಹೋಗಿತ್ತು. ತಡಾ ಮಾಡಿ ಫೋನ್ ಮಾಡು ಅಂತ ನಾನ ಹೇಳಿದ್ದೆ.” ಅವಳು ಅಪ್ಪನ ಕಡೆ ನೋಡಲೇ ಇಲ್ಲ. “ಅವರಿಗೆ ಆಕಿ ಮುಖಾ ತೋರಸಬಾರದಂತ ಮಾಡಿದ್ದೆ.”

“ಅಕ್ಕಾ, ನನಗ?”

“ನೀ ಅವರ ಕೂಡನ ಬರತಿ ಅಂತ ಗೊತ್ತಿತ್ತು.”

ಮಾಮಾನ ಮಗ ನಮ್ಮನ್ನು ಊರ ಹೊರಗೆ ಕರೆದುಕೊಂಡು ಹೋದ. ಹಸಿ ಮಣ್ಣಿನ ಗುಡ್ಡೆ, ಮೇಲೆ ವಿಭೂತಿ, ಚೆಂಡುಹೂವು, ಆಗಲೇ ಬಾಡತೊಡಗಿದ ಬಿಲ್ವಪತ್ರೆ. ಅಪ್ಪ ಚಪ್ಪಲಿ ಬಿಟ್ಟು ದೂರದಲ್ಲಿ ನಿಂತರು. ನಾನು ಅವರ ಬಾಯನ್ನೇ ನೋಡುತ್ತಿದ್ದೆ. ಇಷ್ಟು ವರ್ಷ ಮಾತಿನಿಂದಲೇ ಎಲ್ಲರನ್ನೂ ಆಳಿದವರು, ಈಗ ಏನಾದರೂ ಒಂದು ಹೇಳಿಯಾರು, ಯಾವ ಭಾಷೆಯಲ್ಲಾದರೂ ಸರಿ. ಅವರು ಕೈಗಡಿಯಾರ ನೋಡಿಕೊಂಡರು. ಮಾಮಾನ ಮಗನ ಕಡೆ ತಿರುಗಿ, ಸವದತ್ತಿಗೆ ಇನ್ನ ಬಸ್ ಅದಾವೇನಪಾ ಅಂತ ಕೇಳಿದರು.

ಆ ಬಸ್ಸಿಗೆ ಅವರೊಬ್ಬರೇ ಹೋದರು. ಸ್ಟ್ಯಾಂಡಿನಲ್ಲಿ ನಿಂತಿದ್ದ ಬಸ್ಸಿನೊಳಗೆ ಯಾರೋ ಹಳೆಯ ವಿದ್ಯಾರ್ಥಿ ಗುರುತು ಹಿಡಿದು ಎದ್ದು ಸೀಟು ಬಿಟ್ಟುಕೊಟ್ಟ. ಬಾ ಅಂತ ಅಪ್ಪ ಕಿಟಕಿಯಿಂದ ಕೈ ಮಾಡಿದರು. ನಾನು ಅಲುಗಲಿಲ್ಲ. ಬಸ್ಸು ಹೋದ ಮೇಲೆ ಗಿರಣಿಯ ಹಿಂದಿನ ಖೋಲಿಗೆ ಹೋಗಿ ಗೋಡೆಗೆ ಒರಗಿ ಕೂತೆ. ಅಕ್ಕ ನನಗೆ ಚಾಪೆ ಹಾಸಿಕೊಡಲಿಲ್ಲ. ಹೋಗು ಅಂತಲೂ ಅನ್ನಲಿಲ್ಲ.